ಫೋನಿನಲ್ಲಿ ಬೆಲ್ಲದ ವ್ಯಾಪಾರ



ಫೇಸ್‌ಬುಕ್‌ನಲ್ಲಿ ಬೆಲ್ಲದ ಫೋಟೋ ಹಾಕಿದರೆ ಗಿರಾಕಿ ತಾನಾಗೇ ಬರ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಇದೆ. ಲೈಕು ಒತ್ತಿದವರೆಲ್ಲ ಕೊಳ್ಳುವವರಲ್ಲ. ಸಂತೇಲಿ ರೇಟು ಕೇಳಿ ಹೋಗೋರು ಇಲ್ವೆ, ಹಾಗೆ. ನಾವು ಹಾಕಿದ್ದು ಎಲ್ಲರಿಗೂ ಕಾಣುತ್ತೆ ಅನ್ನೋದೂ ತಪ್ಪು. ಯಾರಿಗೆ ತೋರಿಸಬೇಕೆಂಬುದು ಆ ಕಂಪನಿಯ ಕೈಲಿದೆ. ಖರ್ಚಿಲ್ಲ ಅಂತಾರೆ. ಡಬ್ಬ, ಕೊರಿಯರ್ ಲೆಕ್ಕಕ್ಕಿಲ್ಲವೆ?

2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ದರಪಟ್ಟಿ ಇಟ್ಟು, ಒಮ್ಮೆ ಕೊಂಡವರಿಗೆ ಆಲೆಮನೆ ಶುರುವಾದಾಗ ತಿಳಿಸುವುದು ಮೇಲು.

ಇನ್ನೊಂದು ಮಾತು. ‘ಮುಂಗಡ ಕಳಿಸ್ತೀನಿ, ಪಿನ್ ಒತ್ತಿ’ ಎಂದರೆ ಒತ್ತಬೇಡಿ. ಯುಪಿಐನಲ್ಲಿ ಹಣ ಕೊಡೋಕೆ ಪಿನ್ ಬೇಕು, ಪಡೆಯೋಕೆ ಬೇಡವೇ ಬೇಡ. ದುಡ್ಡು ಹೋದದ್ದು ಗೊತ್ತಾದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಿ.