ಕನ್ನಡದ ಬರಹಕ್ಕೆ ಕನ್ನಡದ ಜಾಹೀರಾತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತರುಣ ಮಿತ್ರರೇ,

ನಿಮ್ಮಲ್ಲಿ ಹಲವರು ಕನ್ನಡದಲ್ಲಿ ಬ್ಲಾಗ್ ಬರೆಯುತ್ತೀರಿ. ಜಾಹೀರಾತಿನಿಂದ ನಾಲ್ಕು ಕಾಸು ಬರಲೆಂಬ ಆಸೆ ತಪ್ಪಲ್ಲ. ಆದರೆ ಯಾವುದೇ ಜಾಹೀರಾತು ಜಾಲಕ್ಕೆ ಸೇರುವ ಮುನ್ನ ಕೇಳಿ: ನಿಮ್ಮಲ್ಲಿ ಕನ್ನಡಕ್ಕೆ ಜಾಗವಿದೆಯೇ?

ಗೂಗಲ್‌ನ ಆಡ್‌ಸೆನ್ಸ್ 2003ರಲ್ಲಿ ಶುರುವಾಯಿತು. ಹಿಂದಿಗೆ 2014ರಲ್ಲಿ, ಬಂಗಾಳಿಗೆ 2017ರಲ್ಲಿ, ತಮಿಳಿಗೆ 2018ರಲ್ಲಿ ಬಾಗಿಲು ತೆರೆಯಿತು. ಕನ್ನಡದ ಸರದಿ ಬಂದದ್ದು ಇವೆಲ್ಲದರ ನಂತರ! ಈಗ ಅದರ ಪಟ್ಟಿಯಲ್ಲಿ ಕನ್ನಡವಿದೆ. ಇಂಗ್ಲಿಷ್ ಬರಹವನ್ನೇ ಬಯಸುವ ಜಾಲಗಳೂ ಇವೆ. ಅಂಥವರ ಬಾಗಿಲು ಕಾಯಬೇಡಿ.

ಹಣ ಯಾವಾಗ ಕೈಸೇರುತ್ತದೆ? ಅದನ್ನೂ ಕೇಳಿ. ಆಡ್‌ಸೆನ್ಸ್‌ನಲ್ಲಿ 100 ಡಾಲರ್ ಕೂಡುವವರೆಗೆ ಬಿಡಿಗಾಸೂ ಬಾರದು. 10 ಡಾಲರ್ ಆದಾಗ ಅಂಚೆಯಲ್ಲಿ ಪಿನ್ ಸಂಖ್ಯೆ ಬರುತ್ತದೆ. ವಿಳಾಸ ಸರಿಯಾಗಿ ಬರೆದಿರಿ. ಎಚ್ಚರ! ನಿಮ್ಮ ಪುಟದ ಜಾಹೀರಾತನ್ನು ನೀವೇ ಒತ್ತಿದರೆ, ಗೆಳೆಯರಿಂದ ಒತ್ತಿಸಿದರೆ ಖಾತೆಯೇ ಹೋದೀತು.

ಜಾಲವೊಂದನ್ನೇ ನಂಬಿ ಕೂರಬೇಡಿ. ಗಂಗಾವತಿಯ ಅಕ್ಕಿ ಗಿರಣಿ, ಕುಷ್ಟಗಿಯ ಬೀಜ-ಗೊಬ್ಬರದ ಅಂಗಡಿ, ಕಿನ್ನಾಳದ ಗೊಂಬೆ ಮಾಡುವವರು: ಇವರ ಗಿರಾಕಿಗಳು ನಿಮ್ಮ ಓದುಗರೇ ಅಲ್ಲವೇ? ಒಂದು ಜಾಗ ಇವರಿಗೆ ಮೀಸಲಿಡಿ, ತಿಂಗಳ ದರ ಮಾತಾಡಿ. ನಡುವೆ ದಲ್ಲಾಳಿ ಇಲ್ಲ, ಡಾಲರ್ ಲೆಕ್ಕವಿಲ್ಲ. ಜಾಹೀರಾತು ಮಾತ್ರ ಕನ್ನಡದಲ್ಲೇ ಇರಲಿ!

ಕನ್ನಡ ಅನ್ನದ ಭಾಷೆಯಾಗಲಿ ಎಂದು ವೇದಿಕೆಗಳಲ್ಲಿ ಕೂಗಿದ್ದು ಸಾಕು. ಆ ಅನ್ನದ ಲೆಕ್ಕ ನಿಮ್ಮ ಬರಹದಿಂದಲೇ ಶುರುವಾಗಲಿ.