ಆಪತ್ಕಾಲ ಮತ್ತು ನಮ್ಮ ಊರಿನ ಆರೋಗ್ಯ



ಶತಮಾನೋತ್ಸವದ ಉಪನ್ಯಾಸಕ್ಕೆ ಈ ವಿಷಯವನ್ನು ಆರಿಸಿಕೊಂಡುದರ ಕಾರಣ ತಮಗೆ ತಿಳಿದದ್ದೇ. ೨೦೨೦ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ದಾರಿ ಮುಚ್ಚಿತು. ಕಾಸರಗೋಡಿನ ಉತ್ತರಭಾಗದ ನಮಗೆ ತಲೆಮಾರುಗಳಿಂದ ದೊಡ್ಡಾಸ್ಪತ್ರೆಯೆಂದರೆ ಮಂಗಳೂರು. ಡಯಾಲಿಸಿಸ್, ಹೃದಯಾಘಾತ, ಕಷ್ಟದ ಹೆರಿಗೆ, ಎಲ್ಲಕ್ಕೂ ಅಲ್ಲಿಗೇ ಓಟ. ಆ ದಿನಗಳಲ್ಲಿ ಸಕಾಲಕ್ಕೆ ಚಿಕಿತ್ಸೆ ದೊರೆಯದೆ ಪ್ರಾಣ ಕಳೆದುಕೊಂಡವರುಂಟು. ವಿಷಯ ನ್ಯಾಯಾಲಯದವರೆಗೂ ಹೋಯಿತು. ಆ ವಾದವಿವಾದ ಇಲ್ಲಿ ಬೇಡ. ದಾರಿ ಮುಚ್ಚಿದಾಗ ಊರಿನೊಳಗೆ ಏನು ಉಳಿದಿತ್ತು ಎಂಬುದಷ್ಟೇ ನಮ್ಮ ಪ್ರಶ್ನೆ.

ಉಳಿದವರು ಆಶಾ ಕಾರ್ಯಕರ್ತೆಯರು, ಪಾಲಿಯೇಟಿವ್ ಆರೈಕೆಯ ದಾದಿಯರು, ಕುಟುಂಬಶ್ರೀಯ ಅಕ್ಕಂದಿರು. ಯಾವ ಮನೆಯಲ್ಲಿ ಇನ್ಸುಲಿನ್ ಬೇಕು, ಯಾರ ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂದಿದೆ, ಯಾರಿಗೆ ಎಂಟು ತಿಂಗಳು ತುಂಬಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆರೋಗ್ಯದ ಯೋಜನೆಯಲ್ಲಿ ಜನರೂ ಪಾಲುಗೊಳ್ಳಬೇಕೆಂದು ೧೯೭೮ರ ಅಲ್ಮಾ ಆಟಾ ಘೋಷಣೆ ಸಾರಿತ್ತು. ೨೦೦೮ರಲ್ಲಿ ಕೇರಳವು ಪಾಲಿಯೇಟಿವ್ ಆರೈಕೆಯ ನೀತಿಯನ್ನು ತಂದು ಪಂಚಾಯತುಗಳಿಗೂ ಅದರಲ್ಲಿ ಹೊಣೆ ನೀಡಿತು. ಇಷ್ಟಿದ್ದೂ ಒಬ್ಬ ಕಾರ್ಯಕರ್ತೆಯ ನೆನಪಿನ ಮೇಲೆಯೇ ಇಡೀ ವಾರ್ಡು ನಿಂತಿರುವುದು ಕ್ಷೇಮವಲ್ಲ. ಆಕೆಯೂ ಹಾಸಿಗೆ ಹಿಡಿಯಬಹುದಲ್ಲವೇ?

ಇನ್ನು ಭಾಷೆಯ ಮಾತು. ಸೂಚನೆಗಳು ಮಲಯಾಳದಲ್ಲಿ ಮಾತ್ರ ಬಂದರೆ, ಕನ್ನಡವಷ್ಟೇ ಓದಬಲ್ಲ ನಮ್ಮ ಅಜ್ಜ ಅಜ್ಜಿಯರಿಗೆ ಅವು ಬಿಳಿಯ ಹಾಳೆಗೆ ಸಮ. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಭಾಷಣಗಳನ್ನು ಸಾಕಷ್ಟು ಕೇಳಿದ್ದೇವೆ. ಔಷಧದ ಚೀಟಿಯ ಬಗ್ಗೆ ಕೇಳಿದ್ದು ಕಡಿಮೆ. ಊಟಕ್ಕೆ ಮೊದಲೋ ಊಟದ ಮೇಲೋ ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದುಕೊಡಲು ನಮ್ಮ ಮಕ್ಕಳು ಬಲ್ಲರು. ಬರೆದುದನ್ನು ದಾದಿಯರು ಒಮ್ಮೆ ನೋಡಿದರೆ ಸಾಕು. ಆದರೆ ರೋಗಿಗಳ ಪಟ್ಟಿ ಮಾಡುವುದು ಮಕ್ಕಳ ಕೆಲಸವಲ್ಲ. ಮನೆಯ ಗುಟ್ಟು ಶಾಲೆಯ ಅಂಗಳಕ್ಕೆ ಬರಬಾರದು. ಆ ಪಟ್ಟಿ ಮನೆಯವರ ಒಪ್ಪಿಗೆಯಿಂದ, ಆರೋಗ್ಯ ಕೇಂದ್ರದಲ್ಲಿಯೇ ಇರತಕ್ಕದ್ದು.

ಮಕ್ಕಳಿಗೆ ಕಲಿಸಬೇಕಾದುದು ಬೇರೆ ಇದೆ. ಅಡಕೆ ತೋಟದಲ್ಲಿ ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಚ್ಚಿದ ಕೈಕಾಲನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದನ್ನು ಕಚ್ಚಿದ ಮೇಲೆ ವಿಚಾರಿಸುವುದಲ್ಲ, ಇಂದೇ ತಿಳಿದಿರಬೇಕು. ಗಡಿ ಮುಚ್ಚಿದರೆ, ಮಳೆಗೆ ಸೇತುವೆ ಮುಳುಗಿದರೆ ಬೇರೆ ದಾರಿ ಯಾವುದು ಎಂಬುದೂ ಹಾಗೆಯೇ.

ನಮ್ಮ ಹಳೆವಿದ್ಯಾರ್ಥಿಗಳಲ್ಲಿ ವೈದ್ಯರಿದ್ದೀರಿ, ದಾದಿಯರಿದ್ದೀರಿ, ಜೀಪು ಓಡಿಸುವವರಿದ್ದೀರಿ. ತಿಂಗಳಿಗೊಂದು ಶನಿವಾರ ಶಾಲೆಗೆ ಬನ್ನಿ. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಗೆ ವಾರ್ಡಿನ ಆಶಾ ಕಾರ್ಯಕರ್ತೆಯನ್ನೂ ಕರೆದಿದ್ದೇವೆ. ಮುಂಗಾರು ಹಿಡಿಯುವುದಕ್ಕೆ ಮೊದಲು ಯಾವ ಮನೆಗೆ ಯಾರು ಧಾವಿಸಬೇಕೆಂಬುದು ನಿಶ್ಚಯವಾಗಬೇಕು.