ಗಲ್ಲಿಗೇರಿದವನ ದಿನಚರಿ
(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ನಾವು ಗೌರವಿಸುವ ಹಿರಿಯರ ಪಟಗಳನ್ನು ಗೋಡೆಗೆ ತೂಗುಹಾಕುತ್ತೇವೆ. ವರ್ಷಕ್ಕೊಮ್ಮೆ ಹಾರ ಹಾಕುತ್ತೇವೆ. ಆದರೆ ಆ ಪಟದಲ್ಲಿರುವ ಮನುಷ್ಯ ಯಾರನ್ನು ಪ್ರೀತಿಸಿದ ಎಂಬ ಮಾತು ಎದ್ದ ಕೂಡಲೇ ಅಭಿಮಾನಿಗಳಲ್ಲೇ ಎರಡು ಗುಂಪಾಗುತ್ತದೆ. "ಅದೆಲ್ಲ ಶತ್ರುಗಳ ಕಟ್ಟುಕತೆ" ಎಂದು ಒಂದು ಗುಂಪು. "ಅದೇ ನಿಜ, ಒಪ್ಪದವನು ಮೂಢ" ಎಂದು ಇನ್ನೊಂದು. ಇಂಥ ಜಗಳವನ್ನು ನ್ಯಾಯವಾಗಿ ಆಡುವುದು ಹೇಗೆ? ಐರ್ಲೆಂಡಿನ ರೋಜರ್ ಕೇಸ್‌ಮೆಂಟನ ಪ್ರಸಂಗದಿಂದ ಇದನ್ನು ನೋಡೋಣ. ಆತ ಸತ್ತು ನೂರು ವರ್ಷ ದಾಟಿದರೂ ಆ ಜಗಳ ಪೂರ್ತಿ ಆರಿಲ್ಲ.

ಕೇಸ್‌ಮೆಂಟ್ 1864ರಲ್ಲಿ ಡಬ್ಲಿನ್ನಿನ ಬಳಿ ಹುಟ್ಟಿದ. ಬ್ರಿಟಿಷ್ ಸರ್ಕಾರದ ಕಾನ್ಸಲ್ ಆಗಿ ಆಫ್ರಿಕದಲ್ಲಿದ್ದ. ಆಗ ಕಾಂಗೋ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಸ್ವಂತ ಜಹಗೀರಿನಂತಿತ್ತು. ಗೊತ್ತುಮಾಡಿದಷ್ಟು ರಬ್ಬರ್ ತರಲಿಲ್ಲವೆಂದು ಅಲ್ಲಿ ಹೆಂಗಸರನ್ನು ಒತ್ತೆ ಇಡುತ್ತಿದ್ದರು, ಗಂಡಸರಿಗೆ ಚಾವಟಿ ಬೀಸುತ್ತಿದ್ದರು, ಕೈಗಳನ್ನೇ ಕತ್ತರಿಸುತ್ತಿದ್ದರು. 1903ರಲ್ಲಿ ಕೇಸ್‌ಮೆಂಟ್ ಒಳನಾಡಿಗೆ ಹೋಗಿ ನೊಂದವರ ಹೇಳಿಕೆಗಳನ್ನು ಬರೆದುಕೊಂಡ. 1904ರಲ್ಲಿ ವರದಿ ಅಚ್ಚಾಯಿತು, ಲೋಕ ಬೆಚ್ಚಿತು. 1908ರಲ್ಲಿ ಕಾಂಗೋ ದೊರೆಯ ಕೈತಪ್ಪಿ ಬೆಲ್ಜಿಯಂ ಸರ್ಕಾರಕ್ಕೆ ಹೋಯಿತು. 1910ರಲ್ಲಿ ಆತ ಅಮೆಜಾನ್ ಕಾಡಿನ ಪುಟುಮಾಯೊ ಸೀಮೆಗೆ ಹೋದ. ಲಂಡನ್ನಿನಲ್ಲಿ ನೋಂದಣಿಯಾದ ಒಂದು ರಬ್ಬರ್ ಕಂಪನಿ ಅಲ್ಲಿನ ಮೂಲನಿವಾಸಿಗಳನ್ನು ಗುಲಾಮರಂತೆ ದುಡಿಸಿ ಕೊಲ್ಲುತ್ತಿದ್ದುದನ್ನು ಬಯಲಿಗೆ ತಂದ. 1911ರಲ್ಲಿ ಸರ್ಕಾರ ಅವನಿಗೆ 'ಸರ್' ಪದವಿ ಕೊಟ್ಟಿತು.

ಪರದೇಶದ ದಬ್ಬಾಳಿಕೆಯನ್ನು ಕಂಡ ಕಣ್ಣು ತನ್ನ ನಾಡಿನ ದಬ್ಬಾಳಿಕೆಯನ್ನು ಕಾಣದೆ ಇರಲಿಲ್ಲ. ಆತ ಐರಿಷ್ ಸ್ವಾತಂತ್ರ್ಯದ ಪಕ್ಷ ಸೇರಿದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನೆರವು ಕೇಳಲು ಹೋದ. 1916ರ ಏಪ್ರಿಲ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯಿಂದ ಕೆರಿ ಜಿಲ್ಲೆಯ ಕರಾವಳಿಯಲ್ಲಿ ಇಳಿದ ದಿನವೇ ಸೆರೆಸಿಕ್ಕ. ಜೂನ್ ತಿಂಗಳಲ್ಲಿ ರಾಜದ್ರೋಹದ ವಿಚಾರಣೆ ನಡೆದು ಮರಣದಂಡನೆಯಾಯಿತು. ಕ್ಷಮೆ ಕೊಡಬೇಕೆಂದು ಲೇಖಕ ಆರ್ಥರ್ ಕಾನನ್ ಡಾಯ್ಲ್ ಮೊದಲಾದವರು ಮನವಿ ಎತ್ತಿದರು.

ಸರ್ಕಾರ ಏನು ಮಾಡಿತು ಗೊತ್ತೇ? ಅವನ ಪೆಟ್ಟಿಗೆಗಳಲ್ಲಿ ಸಿಕ್ಕವೆಂದು ಹೇಳಿದ ದಿನಚರಿಗಳ ಹಾಳೆಗಳನ್ನು ಪತ್ರಿಕೆಯವರಿಗೂ ಅಮೆರಿಕದ ರಾಯಭಾರಿಗೂ ಗುಟ್ಟಾಗಿ ತೋರಿಸಿತು. ಅವುಗಳಲ್ಲಿ ಇತರ ಗಂಡಸರೊಡನೆ ಆತ ಇಟ್ಟುಕೊಂಡಿದ್ದ ಸಂಬಂಧಗಳ ಟಿಪ್ಪಣಿಗಳಿದ್ದವು. ಕೋರ್ಟಿನಲ್ಲಿ ಸಾಕ್ಷ್ಯವಾಗಿ ಅವನ್ನು ಮಂಡಿಸಲಿಲ್ಲ. ಆರೋಪಕ್ಕೂ ಅವಕ್ಕೂ ಸಂಬಂಧವೇ ಇರಲಿಲ್ಲ. ಕನಿಕರ ತೋರುತ್ತಿದ್ದವರ ಬಾಯಿ ಮುಚ್ಚಿಸುವುದೊಂದೇ ಉದ್ದೇಶ. ಅನೇಕರು ಬಾಯಿ ಮುಚ್ಚಿದರು. 1916ರ ಆಗಸ್ಟ್ 3ರಂದು ಪೆಂಟನ್‌ವಿಲ್ ಜೈಲಿನಲ್ಲಿ ಕೇಸ್‌ಮೆಂಟನನ್ನು ಗಲ್ಲಿಗೇರಿಸಿದರು.

ಜಗಳ ಶುರುವಾದದ್ದು ಇಲ್ಲಿಂದ. 1936ರಲ್ಲಿ ಮಲೋನಿ ಎಂಬವರು ಈ ದಿನಚರಿಗಳು ಖೋಟಾ ಎಂದು ಒಂದು ಪುಸ್ತಕವನ್ನೇ ಬರೆದರು. ಐರ್ಲೆಂಡಿನಲ್ಲಿ ಬಹುಜನ ಅದನ್ನೇ ನಂಬಿದರು. ಅವರ ಅನುಮಾನಕ್ಕೆ ಕಾರಣವಿಲ್ಲದೆ ಇರಲಿಲ್ಲ. ದಾಖಲೆಯನ್ನು ಕದ್ದು ತೋರಿಸಿ, ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಬೀಗ ಹಾಕಿಟ್ಟ ಸರ್ಕಾರವನ್ನು ಯಾರು ನಂಬುತ್ತಾರೆ? 1959ರಲ್ಲಿ ಪ್ಯಾರಿಸ್ಸಿನಲ್ಲಿ ದಿನಚರಿಗಳು ಅಚ್ಚಾದ ಮೇಲೆಯೇ ಲಂಡನ್ನಿನ ದಫ್ತರದಲ್ಲಿ ಸಂಶೋಧಕರಿಗೆ ನೋಡಲು ಸಿಕ್ಕವು. 2002ರಲ್ಲಿ ದಸ್ತಾವೇಜು ಪರೀಕ್ಷಕಿ ಆಡ್ರಿ ಗೈಲ್ಸ್ ಅವುಗಳನ್ನು ಪರೀಕ್ಷಿಸಿ, ಬರಹವೆಲ್ಲ ಕೇಸ್‌ಮೆಂಟನದೇ ಎಂದು ತೀರ್ಮಾನ ಕೊಟ್ಟರು. ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ಒಪ್ಪುತ್ತಾರೆ, ಒಪ್ಪದವರೂ ಇದ್ದಾರೆ.

ಇಲ್ಲಿ ಕುಳಿತಿರುವ ಅಂಗಡಿಕಾರ ಮಿತ್ರರು ಕಿರ್ದಿ, ಖಾತೆ ಬಲ್ಲವರು. ಕೇಸ್‌ಮೆಂಟನ ದಾಖಲೆಗಳಲ್ಲೂ 1911ರ ಖರ್ಚಿನ ಲೆಕ್ಕದ ಪುಸ್ತಕ ಒಂದಿದೆ. ಲೆಕ್ಕ ತಂದವನು ಕೆಟ್ಟವನು ಎಂದ ಮಾತ್ರಕ್ಕೆ ಲೆಕ್ಕ ಸುಳ್ಳಾಗುವುದಿಲ್ಲ. ಮೊತ್ತ ನಮಗೆ ಹಿಡಿಸಲಿಲ್ಲ ಎಂದರೂ ಸುಳ್ಳಾಗುವುದಿಲ್ಲ. ಕೈಬರಹ, ಕಾಗದ, ತಾರೀಖುಗಳ ತಾಳೆ, ಇವನ್ನೇ ನೋಡಬೇಕು. ಇದು ಮೊದಲನೆಯ ಮಾತು.

ಎರಡನೆಯದು: ಪ್ರಶ್ನೆಗಳನ್ನು ಬೇರೆಬೇರೆ ಮಾಡಿಕೊಳ್ಳಬೇಕು. ಆತ ಬರೆದನೇ ಎಂಬುದು ಒಂದು. ಬರೆದದ್ದೆಲ್ಲ ನಡೆದದ್ದೇ, ಕೆಲವು ಬರೀ ಮನಸ್ಸಿನ ಬಯಕೆಯೇ ಎಂಬುದು ಇನ್ನೊಂದು. ನಡೆದಿದ್ದರೆ ಅದು ತಪ್ಪೇ ಎಂಬುದು ಮೂರನೆಯದು. 'ಅಂಥ ಒಳ್ಳೆಯವನು ಹಾಗಿರಲಾರ' ಎಂದವರು ಮೂರನ್ನೂ ಕಲಸಿಬಿಟ್ಟರು. ಗಂಡು ಗಂಡನ್ನು ಪ್ರೀತಿಸುವುದು ಕಳಂಕ ಎಂದು ನಂಬಿಯೇ ಸರ್ಕಾರ ಹಾಳೆಗಳನ್ನು ಹಂಚಿತು. ಅದೇ ನಂಬಿಕೆಯಿಂದಲೇ ಅಭಿಮಾನಿಗಳು ಅವನ್ನು ಅಲ್ಲಗಳೆದರು. ಶತ್ರುವಿನ ತಕ್ಕಡಿಯಲ್ಲೇ ತಮ್ಮ ವೀರನನ್ನು ತೂಗಿದರು!

ಮೂರನೆಯದನ್ನು ಇನ್ನೊಂದು ಪಕ್ಷದವರಿಗೆ ಹೇಳಬೇಕು. ಇಂದಿನ ನಮ್ಮ ಹೆಸರುಗಳನ್ನು ಆತ ತನಗೆ ಇಟ್ಟುಕೊಂಡಿರಲಿಲ್ಲ. ಆ ಪಟ್ಟಿಯನ್ನು ಅವನ ಹಣೆಗೆ ಅಂಟಿಸುವ ಮುನ್ನ ಯೋಚಿಸಬೇಕು. ಅಲ್ಲದೆ, ಆ ಟಿಪ್ಪಣಿಗಳಲ್ಲಿ ಬಡ ಯುವಕರಿಗೆ ಹಣ ಕೊಟ್ಟ ಲೆಕ್ಕವೂ ಇದೆ. ಹಣವುಳ್ಳ ಅಧಿಕಾರಿ ಒಂದು ಕಡೆ, ಕೈ ಬರಿದಾದ ಹುಡುಗ ಒಂದು ಕಡೆ. ಅವರ ಮಧ್ಯೆ ಸಮಾನತೆ ಎಷ್ಟಿತ್ತು? ಸಮಾಜವಾದಿಯಾದವನು ಕೇಳಲೇಬೇಕಾದ ಪ್ರಶ್ನೆ ಇದು. ಎದುರಿಗಿದ್ದವರು ಹುಡುಗಿಯರಾಗಿದ್ದರೂ ಇದನ್ನೇ ಕೇಳಬೇಕಿತ್ತು.

ಕೊನೆಯದು ನಮ್ಮ ನಡತೆಯ ಮಾತು. ಖೋಟಾ ಎನ್ನುವವರೆಲ್ಲ ಮೂಢರಲ್ಲ. ನಿಜ ಎನ್ನುವವರೆಲ್ಲ ಬ್ರಿಟಿಷರ ಏಜೆಂಟರಲ್ಲ. ವಾದಕ್ಕೆ ಉತ್ತರ ಕೊಡಿ, ವಾದಿಸುವವನ ಕುಲಗೋತ್ರ ಕೆದಕಬೇಡಿ. ಒಬ್ಬನೇ ವೀರನಿಗೆ ಕೈಮುಗಿಯುವವರು ಅವನ ಹೆಸರಿನಲ್ಲೇ ಒಬ್ಬರ ಮುಖ ಒಬ್ಬರು ನೋಡದಂತಾದರೆ ಲಾಭ ಯಾರಿಗೆ?

1965ರಲ್ಲಿ ಕೇಸ್‌ಮೆಂಟನ ಅಸ್ಥಿ ಡಬ್ಲಿನ್ನಿಗೆ ಬಂತು. ಕಾಯಿಲೆಯಲ್ಲಿದ್ದ ಅಧ್ಯಕ್ಷ ಡಿ ವೆಲೆರಾ ಎದ್ದುಬಂದು ಸರ್ಕಾರಿ ಗೌರವದ ಅಂತ್ಯಕ್ರಿಯೆಯಲ್ಲಿ ನಿಂತರು. ಆದರೆ ಅಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಾನೂನನ್ನು ಐರ್ಲೆಂಡ್ ತೆಗೆದುಹಾಕಿದ್ದು 1993ರಲ್ಲಿ. ನಮ್ಮಲ್ಲಿ ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಹೊಸೆದಿಟ್ಟ 377ನೆಯ ಕಲಮು ಸ್ವಾತಂತ್ರ್ಯ ಬಂದ ಮೇಲೂ ಉಳಿದಿತ್ತು. ಒಪ್ಪಿಗೆಯಿರುವ ವಯಸ್ಕರ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ.

ಸಂಗಾತಿಗಳೇ, ಇದು ದೂರದೇಶದ ಹಳೆಯ ಕತೆ ಎನ್ನಬೇಡಿ. ಮುಷ್ಕರ ಬಿಗಿಯಾದಾಗ ಮುಂದಾಳಿನ ಮನೆಯೊಳಗಿನ ಮಾತೊಂದನ್ನು ಗೇಟಿನ ಬಳಿ ಹರಿಯಬಿಡುವುದು ಮಾಲೀಕರಿಗೆ ಎಷ್ಟು ಹೊತ್ತಿನ ಕೆಲಸ? ಆ ಪಿಸುಮಾತಿಗೆ ಬಲ ಬರುವುದು ಹೇಳಿದವನಿಂದಲ್ಲ, ಕೇಳಿ ನಾಚುವ ನಮ್ಮಿಂದ. 1916ರಲ್ಲಿ ಆ ಹಾಳೆಗಳನ್ನು ನೋಡಿದವರು 'ಇರಬಹುದು, ಅದಕ್ಕೇನೀಗ? ರಬ್ಬರಿನ ಲೆಕ್ಕ ಹೇಳಿ, ಗಲ್ಲಿನ ನ್ಯಾಯ ಹೇಳಿ' ಎಂದು ಕೇಳಿದ್ದರೆ ಸರ್ಕಾರದ ಕೈಯಲ್ಲಿ ಆ ಅಸ್ತ್ರವೇ ಇರುತ್ತಿರಲಿಲ್ಲ. ಹಾಗೆ ಕೇಳುವ ಧೈರ್ಯವನ್ನು ನಾವು ಇಂದೇ ರೂಢಿಸಿಕೊಳ್ಳಬೇಕು. ಹಾಳೆ ಕೈಗೆ ಬಂದ ದಿನ ಕಲಿಯಲು ಹೊತ್ತಿರುವುದಿಲ್ಲ.